ದಿಡ್ಡಿ ಬಾಗಿಲು ಸಾಕಿತ್ತು

ಪುಣೆಯ ಶನಿವಾರವಾಡಾ ನೋಡಿದವರಿಗೆ ಅದರ ದಿಲ್ಲಿ ದರವಾಜಾದ ಕಬ್ಬಿಣದ ಚೂಪು ಮೊಳೆಗಳು ನೆನಪಿರುತ್ತವೆ. ಆನೆ ಬಂದು ಗುದ್ದಬಾರದೆಂದು ಹೊಡೆದ ಮೊಳೆಗಳವು. ಅದೇ ಬಾಗಿಲಲ್ಲಿ ಒಬ್ಬರು ತಲೆ ಬಗ್ಗಿಸಿ ನುಸುಳುವಷ್ಟು ಸಣ್ಣ ಬಾಗಿಲೊಂದಿದೆ. ಇಲ್ಲಿನವರು ದಿಂಡಿ ಅನ್ನುತ್ತಾರೆ, ನಮ್ಮ ಧಾರವಾಡದ ಕಡೆ ದಿಡ್ಡಿ ಬಾಗಿಲು. ದಿನದ ಓಡಾಟಕ್ಕೆ ಅಷ್ಟು ಸಾಕು. ಇದು ಗೊತ್ತಿದ್ದೂ ಒಂದು ಶುಕ್ರವಾರ ರಾತ್ರಿ ನಾನು ಆಫೀಸಿನ ಹೆಬ್ಬಾಗಿಲನ್ನೇ ತೆರೆದಿಟ್ಟು ಮನೆಗೆ ಹೋದೆ.

ಲ್ಯಾಬ್‌ಗಳ ರಕ್ತ ಪರೀಕ್ಷೆ ವರದಿಗಳನ್ನು ಸಂಗ್ರಹಿಸಿಡುವ ಕಂಪನಿಯಲ್ಲಿ ನಾನು ಸಿಸ್ಟಮ್ ಅಡ್ಮಿನ್. ರೋಗಿಗಳ ಮಾಹಿತಿ ನಮ್ಮ ಕೈಯಲ್ಲೇ ಇರಲಿ ಎಂದು ಸ್ವಂತ ಸರ್ವರ್‌ಗಳ ಮೇಲೆ ಓಪನ್‌ಸ್ಟ್ಯಾಕ್ ಹಾಕಿಕೊಂಡಿದ್ದೇವೆ. 2010ರಲ್ಲಿ ನಾಸಾ ಮತ್ತು ರ‍್ಯಾಕ್‌ಸ್ಪೇಸ್ ಸೇರಿ ಶುರು ಮಾಡಿದ ಮುಕ್ತ ತಂತ್ರಾಂಶ ಅದು. ದೊಡ್ಡ ಸರ್ವರ್‌ಗಳನ್ನು ಪಾಲು ಮಾಡಿ ಹತ್ತಾರು ವರ್ಚುವಲ್ ಯಂತ್ರಗಳನ್ನು ಕೊಡುತ್ತದೆ.

ಹೊಸ ಯಂತ್ರಕ್ಕೆ ಸಿಗುವುದು 10.20.0.15ರಂಥ ಒಳವಿಳಾಸ. ಇಂಟರ್‌ನೆಟ್‌ನಿಂದ ಯಾರೂ ನೇರವಾಗಿ ಅದನ್ನು ತಲುಪಲಾರರು. ತಲುಪಬೇಕಾದರೆ ಎರಡು ಕೆಲಸ ಆಗಬೇಕು. ಮೊದಲನೆಯದು ಫ್ಲೋಟಿಂಗ್ ಐಪಿ, ಅಂದರೆ ಹೊರಜಗತ್ತಿಗೆ ಕಾಣುವ ವಿಳಾಸವನ್ನು ಈ ಯಂತ್ರಕ್ಕೆ ಜೋಡಿಸುವುದು. ಎರಡನೆಯದು ಸೆಕ್ಯೂರಿಟಿ ಗ್ರೂಪ್, ಅಂದರೆ ಯಾರು ಯಾವ ಪೋರ್ಟ್‌ಗೆ ಬರಬಹುದೆಂಬ ನಿಯಮಗಳ ಪಟ್ಟಿ. ತಾನಾಗಿಯೇ ಬರುವ ಡೀಫಾಲ್ಟ್ ಗ್ರೂಪ್ ತುಂಬ ಬಿಗಿ. ಒಳಗಿನಿಂದ ಹೊರಗೆ ಎಲ್ಲಿಗಾದರೂ ಹೋಗಬಹುದು, ಹೊರಗಿನಿಂದ ಯಾರೂ ಬರುವಂತಿಲ್ಲ. ಅದೇ ಗ್ರೂಪಿನ ಯಂತ್ರಗಳಿಗೆ ಮಾತ್ರ ಪರಸ್ಪರ ಪ್ರವೇಶ.

ಆ ಶುಕ್ರವಾರ ಪರೀಕ್ಷೆಗೆಂದು ಹೊಸ ಯಂತ್ರವೊಂದನ್ನು ಎಬ್ಬಿಸಿ, 443ನೇ ಪೋರ್ಟ್ ತೆರೆದಿದ್ದೆವು. ಲ್ಯಾಬಿನವರು ಕಳಿಸಿದ ಸಣ್ಣ ಕಡತಗಳು ಬರುತ್ತಿದ್ದವು, ದೊಡ್ಡ ವರದಿಗಳು ಅರ್ಧಕ್ಕೇ ನಿಲ್ಲುತ್ತಿದ್ದವು. ‘ಫೈರ್‌ವಾಲೇ ಇರಬೇಕ್ರಿ ಸರ್’ ಎಂದ ಜೊತೆಗಿದ್ದ ಬೆಳಗಾವಿಯ ಹುಡುಗ. ನನಗೂ ಮನೆಗೆ ಹೋಗುವ ಅವಸರ. ನೋಡೇ ಬಿಡೋಣ ಎಂದು ಡೀಫಾಲ್ಟ್ ಗ್ರೂಪಿಗೆ ಒಂದು ಸಾಲು ಸೇರಿಸಿದೆ: ಎಲ್ಲ ಪೋರ್ಟ್‌ಗಳು, 0.0.0.0/0. ಅಂದರೆ ಜಗತ್ತಿನಲ್ಲಿ ಯಾರು ಬೇಕಾದರೂ ಬರಬಹುದು. ಆದರೂ ವರದಿ ಏರಲಿಲ್ಲ. ರಾತ್ರಿ ಹನ್ನೊಂದೂವರೆ ಆಗಿತ್ತು, ಲ್ಯಾಪ್‌ಟಾಪ್ ಮುಚ್ಚಿ ಹೊರಟೆವು. ಆ ಸಾಲು ಅಲ್ಲೇ ಉಳಿಯಿತು.

ನಿಜವಾದ ಕಾರಣ ಸೋಮವಾರ ಸಿಕ್ಕಿತು. ನೆಟ್‌ವರ್ಕ್‌ನಲ್ಲಿ ಮಾಹಿತಿಯ ಒಂದು ಪ್ಯಾಕೆಟ್ ಸಾಮಾನ್ಯವಾಗಿ 1500 ಬೈಟ್. ಓಪನ್‌ಸ್ಟ್ಯಾಕ್‌ನ ಒಳಜಾಲ ಪ್ರತಿ ಪ್ಯಾಕೆಟ್‌ಗೂ ವಿಎಕ್ಸ್‌ಲ್ಯಾನ್ ಎಂಬ ಲಕೋಟೆ ಹಾಕುತ್ತದೆ. ಅದಕ್ಕೇ 50 ಬೈಟ್ ಹೋಗಿ 1450 ಉಳಿಯುತ್ತದೆ. ನಮ್ಮ ಯಂತ್ರಕ್ಕೆ ಇದು ಗೊತ್ತಿತ್ತು. ಅದರೊಳಗಿನ ಡಾಕರ್ ಕಂಟೇನರ್‌ಗೆ ಗೊತ್ತಿರಲಿಲ್ಲ, ಅದು 1500ರ ಲೆಕ್ಕದಲ್ಲೇ ಇತ್ತು. ಹೊರಗಿನವರು ದೊಡ್ಡ ಪ್ಯಾಕೆಟ್ ಕಳಿಸುತ್ತಿದ್ದರು, ಅವು ನಮ್ಮ ರೂಟರ್‌ನಲ್ಲೇ ಬಿದ್ದುಹೋಗುತ್ತಿದ್ದವು. ‘ಚಿಕ್ಕದು ಕಳಿಸಿ’ ಎಂಬ ರೂಟರ್‌ನ ಸಂದೇಶವನ್ನು ದಾರಿಯಲ್ಲಿ ಯಾವುದೋ ಫೈರ್‌ವಾಲ್ ನುಂಗುತ್ತಿತ್ತು. ಡಾಕರ್‌ನಲ್ಲಿ 1450 ಎಂದು ಬರೆದ ಕೂಡಲೇ ಎಲ್ಲ ಸರಿಯಾಯಿತು. ಬಾಗಿಲು ಮುಚ್ಚಿದ್ದರೆ ಸಣ್ಣ ಕಡತವೂ ಬರುತ್ತಿರಲಿಲ್ಲ ಎಂಬ ಸರಳ ಸಂಗತಿ ಆ ರಾತ್ರಿ ನಮ್ಮಿಬ್ಬರಿಗೂ ಹೊಳೆದಿರಲಿಲ್ಲ.

ಆದರೆ ಅದೇ ಸೋಮವಾರ ಆ ಯಂತ್ರದ ಸಿಪಿಯು ನೂರಕ್ಕೆ ನೂರು ಓಡುತ್ತಿತ್ತು. ಅದರಲ್ಲಿ ಪಾಸ್‌ವರ್ಡ್ ಇಲ್ಲದ ರೆಡಿಸ್ ಇತ್ತು. 6379ನೇ ಪೋರ್ಟ್‌ನಿಂದ ಯಾರೋ ಹೊಕ್ಕು ಕ್ರಿಪ್ಟೊಕರೆನ್ಸಿ ಗಣಿಗಾರಿಕೆ ನಡೆಸಿದ್ದರು. ಆಗ ಎದೆ ಧಸಕ್ಕೆಂದಿತು. ನಾನು ತೆರೆದದ್ದು ಒಂದು ಯಂತ್ರದ ಬಾಗಿಲಲ್ಲ. ಡೀಫಾಲ್ಟ್ ಗ್ರೂಪಿನಲ್ಲಿ ಹನ್ನೊಂದು ಯಂತ್ರಗಳಿದ್ದವು, ವರದಿಗಳ ಡೇಟಾಬೇಸ್ ಸಹಿತ! ಡೇಟಾಬೇಸಿಗೆ ಫ್ಲೋಟಿಂಗ್ ಐಪಿ ಇರಲಿಲ್ಲವಾದ್ದರಿಂದ ಹೊರಗಿನಿಂದ ನೇರ ದಾರಿ ಇರಲಿಲ್ಲ. ಆದರೆ ಕಳ್ಳ ಹೊಕ್ಕ ಮನೆಯಿಂದ ಪಕ್ಕದ ಮನೆಗೆ ಬಾಗಿಲಿತ್ತು.

ಮ್ಯಾನೇಜರ್‌ಗೆ ನಾನೇ ಹೋಗಿ ಹೇಳಿದೆ. ಎರಡು ರಾತ್ರಿ ಕೂತು ಹನ್ನೊಂದೂ ಯಂತ್ರಗಳ ಲಾಗ್ ಓದಿದೆವು. ಬೇರೆಲ್ಲೂ ಯಾರೂ ಹೊಕ್ಕ ಗುರುತು ಸಿಗಲಿಲ್ಲ. ಆ ಯಂತ್ರವನ್ನು ಅಳಿಸಿ ಹೊಸದು ಕಟ್ಟಿದೆವು, ಎಲ್ಲ ಪಾಸ್‌ವರ್ಡ್ ಬದಲಿಸಿದೆವು. ಯಾರದೋ ಸಕ್ಕರೆ ಕಾಯಿಲೆ, ಯಾರದೋ ಕ್ಯಾನ್ಸರ್ ವರದಿ ಆ ಡೇಟಾಬೇಸಿನಲ್ಲಿತ್ತು. ಅವರು ಯಾರಿಗೂ ನನ್ನ ಹೆಸರು ಗೊತ್ತಿಲ್ಲ.

ಈಗ ಡೀಫಾಲ್ಟ್ ಗ್ರೂಪನ್ನು ಯಾರೂ ಮುಟ್ಟುವುದಿಲ್ಲ, ಯಂತ್ರಗಳನ್ನು ಅದರಲ್ಲಿ ಇಡುವುದೂ ಇಲ್ಲ. ಪ್ರತಿ ಕೆಲಸಕ್ಕೂ ಪ್ರತ್ಯೇಕ ಗ್ರೂಪ್ ಇದೆ. ವೆಬ್ ಯಂತ್ರಕ್ಕೆ 443 ಮಾತ್ರ ಎಲ್ಲರಿಗೂ ತೆರೆದಿದೆ. ನಾವು ಲಾಗಿನ್ ಆಗುವ 22ನೇ ಪೋರ್ಟ್ ಆಫೀಸಿನ ವಿಪಿಎನ್‌ಗೆ ಮಾತ್ರ. ಡೇಟಾಬೇಸಿನ 5432 ವೆಬ್ ಗ್ರೂಪಿಗೆ ಮಾತ್ರ. ಈ ಕೊನೆಯ ನಿಯಮದಲ್ಲಿ ವಿಳಾಸದ ಬದಲು ಗ್ರೂಪಿನ ಹೆಸರನ್ನೇ ಕೊಡಬಹುದು, ಯಂತ್ರ ಬದಲಾದರೂ ನಿಯಮ ಕೆಡುವುದಿಲ್ಲ. ತಾತ್ಕಾಲಿಕ ನಿಯಮವಾದರೆ ವಿವರಣೆಯ ಜಾಗದಲ್ಲಿ ಹಾಕಿದವರ ಹೆಸರು, ತೆಗೆಯುವ ದಿನ ಬರೆಯಬೇಕು. 443 ಬಿಟ್ಟು ಇನ್ನೆಲ್ಲಾದರೂ 0.0.0.0/0 ಕಂಡರೆ ಪ್ರತಿ ರಾತ್ರಿ ಒಂದು ಸ್ಕ್ರಿಪ್ಟ್ ನಮಗೆಲ್ಲ ಮೇಲ್ ಕಳಿಸುತ್ತದೆ.

ಮೊನ್ನೆ ಮತ್ತೊಂದು ಯಂತ್ರ ಸಿಗದಾದಾಗ ಬೆಳಗಾವಿಯ ಹುಡುಗ ಕೇಳಿದ, ‘ಒಮ್ಮೆ ಎಲ್ಲಾ ತೆಗದು ನೋಡೂಣೇನ್ರಿ ಸರ್?’ ಕೇಳಿದವನೇ ನಾಲಿಗೆ ಕಚ್ಚಿಕೊಂಡ.

‘ಮೊದಲ ಪ್ಯಾಕೆಟ್ ಎಲ್ಲಿ ನಿಂತದ ನೋಡಪಾ’ ಎಂದೆ. ಟಿಸಿಪಿಡಂಪ್ ಹಾಕಿ ಕೂತ. ಹತ್ತು ನಿಮಿಷದಲ್ಲಿ ಸಿಕ್ಕಿತು: ಫ್ಲೋಟಿಂಗ್ ಐಪಿ ಬೇರೆ ಯಂತ್ರಕ್ಕೆ ಜೋಡಣೆಯಾಗಿತ್ತು.