ಎರಡನೆಯ ಹೆರಿಗೆಯ ಮುನ್ಸೂಚನೆಗಳು: ಒಂದು ಚಾರಿತ್ರಿಕ ಪರಿಶೀಲನೆ

ಹೆರಿಗೆಯ ಚರಿತ್ರೆಯನ್ನು ಬರೆಯಲೆಳಸುವವರಿಗೆ ದೊರೆಯುವ ಆಧಾರಗಳಲ್ಲಿ ಬಹುಭಾಗ ವೈದ್ಯರು ರಚಿಸಿದ ಗ್ರಂಥಗಳು. ಹೆತ್ತವರು ತಾವೇ ಬರೆದಿಟ್ಟುದು ಅತ್ಯಲ್ಪ. ಆದರೂ ಈ ಗ್ರಂಥಗಳನ್ನು ಕಾಲಾನುಕ್ರಮದಲ್ಲಿ ಓದಿದರೆ ಎರಡು ಪ್ರಶ್ನೆಗಳು ಎದ್ದು ಕಾಣುತ್ತವೆ. ಬಂದಿರುವ ನೋವು ನಿಜವಾದ ಹೆರಿಗೆಬೇನೆಯೇ ಎಂಬುದು ಮೊದಲನೆಯದು. ಬೇನೆಯೇ ಆಗಿದ್ದರೆ ಇನ್ನೆಷ್ಟು ಹೊತ್ತು ಉಳಿದಿದೆ ಎಂಬುದು ಎರಡನೆಯದು. ಮೊದಲನೆಯ ಪ್ರಶ್ನೆ ಬಹು ಪ್ರಾಚೀನವಾದುದು. ಎರಡನೆಯದಕ್ಕೆ ಅಳತೆಯಿಂದ ಕೂಡಿದ ಉತ್ತರ ದೊರೆತದ್ದು ಇಪ್ಪತ್ತನೆಯ ಶತಮಾನದಲ್ಲಿ. ಎರಡನೆಯ ಸಲ ಬಸುರಿಯಾದವಳಿಗೆ ಈ ಉತ್ತರ ಏಕೆ ಮುಖ್ಯವೆಂಬುದನ್ನು ವಿವರಿಸುವುದು ಪ್ರಕೃತ ಲೇಖನದ ಉದ್ದೇಶ.

ಚರಕಸಂಹಿತೆಯ ಶಾರೀರಸ್ಥಾನದ ಎಂಟನೆಯ ಅಧ್ಯಾಯದಲ್ಲಿ ಪ್ರಸವ ಸಮೀಪಿಸಿದುದರ ಲಕ್ಷಣಗಳನ್ನು ಕ್ರಮವಾಗಿ ಹೇಳಿದೆ. ಅಂಗಗಳಲ್ಲಿ ಬಳಲಿಕೆ, ಎದೆಯ ಕಟ್ಟು ಸಡಿಲಿದಂತಾಗುವುದು, ಹೊಟ್ಟೆ ಕೆಳಕ್ಕೆ ಜಾರುವುದು, ಸೊಂಟ ಬೆನ್ನುಗಳಲ್ಲಿ ನೋವು, ಸ್ರಾವ, ಅನ್ನದಲ್ಲಿ ಅರುಚಿ ಇವು ಮೊದಲು. ಅನಂತರ ‘ಆವೀ’ ತೋರುವುದು, ಗರ್ಭೋದಕ ಹರಿಯುವುದು. ಆವೀ ಎಂದರೆ ಹೆರಿಗೆಬೇನೆ. ಕನ್ನಡದ ‘ಆವಿ’ಗೂ ಈ ಸಂಸ್ಕೃತ ಪದಕ್ಕೂ ಸಂಬಂಧವಿಲ್ಲ. ಆವೀ ಬಾರದೆ ಮುಕ್ಕುವವಳ ಶ್ರಮ ವ್ಯರ್ಥವೆಂದೂ ಅಲ್ಲಿಯೇ ಎಚ್ಚರಿಸಿದೆ. ಸುಶ್ರುತಸಂಹಿತೆಯೂ ಹೊಟ್ಟೆಯ ಸಡಿಲಿಕೆ, ಸೊಂಟದ ಸುತ್ತಲಿನ ನೋವು, ಲೋಳೆಯ ಸ್ರಾವ ಇವುಗಳನ್ನು ಹೇಳುತ್ತದೆ. ಇಂದಿನ ವೈದ್ಯರು ಗಮನಿಸುವ ಚಿಹ್ನೆಗಳಲ್ಲಿ ಅನೇಕವು ಈ ಪಟ್ಟಿಗಳಲ್ಲಿ ಆಗಲೇ ಇವೆ. ಹಲವು ಸಲ ಹೆತ್ತ ಅನುಭವಸ್ಥ ಸ್ತ್ರೀಯರು ಸೂತಿಕಾಗೃಹದಲ್ಲಿ ಜೊತೆಗಿರಬೇಕೆಂದು ಚರಕಸಂಹಿತೆ ವಿಧಿಸಿರುವುದೂ ಗಮನಾರ್ಹವಾದುದು.

ಹುಸಿಬೇನೆಯನ್ನು ದಿಟದ ಬೇನೆಯಿಂದ ಬೇರ್ಪಡಿಸುವ ಯತ್ನ ಯೂರೋಪಿನ ಗ್ರಂಥಗಳಲ್ಲಿಯೂ ಕಂಡುಬರುತ್ತದೆ. 1752ರಲ್ಲಿ ಲಂಡನ್ನಿನಲ್ಲಿ ತನ್ನ ಪ್ರಸೂತಿಶಾಸ್ತ್ರ ಗ್ರಂಥವನ್ನು ಪ್ರಕಟಿಸಿದ ವಿಲಿಯಂ ಸ್ಮೆಲ್ಲಿ ಈ ಭೇದವನ್ನು ಚರ್ಚಿಸಿದನು. 1872ರಲ್ಲಿ ಜಾನ್ ಬ್ರಾಕ್ಸ್‌ಟನ್ ಹಿಕ್ಸ್ ಎಂಬ ಆಂಗ್ಲ ವೈದ್ಯನು, ಗರ್ಭಕೋಶವು ಬಸಿರಿನ ಉದ್ದಕ್ಕೂ ಆಗಾಗ ಬಿಗಿದು ಸಡಿಲಿಸುತ್ತಿರುವುದೆಂದು ತೋರಿಸಿದನು. ಅವನ ಉದ್ದೇಶ ಬಸಿರನ್ನು ಗುರುತಿಸಲು ಒಂದು ಚಿಹ್ನೆಯನ್ನು ಒದಗಿಸುವುದಾಗಿತ್ತು. ಕಾಲಕ್ರಮದಲ್ಲಿ ಅವನ ಹೆಸರು ಹುಸಿಬೇನೆಗೆ ಅಂಟಿಕೊಂಡಿತು. ಹುಸಿಬೇನೆ ಕ್ರಮವಿಲ್ಲದೆ ಬರುವುದು. ನಡೆದಾಡಿದರೆ, ಮಲಗಿದರೆ ಅಥವಾ ನೀರು ಕುಡಿದರೆ ಸಾಮಾನ್ಯವಾಗಿ ಶಮನವಾಗುವುದು. ದಿಟದ ಬೇನೆಯಾದರೋ ನಿಲುವನ್ನು ಬದಲಿಸಿದರೂ ನಿಲ್ಲದು. ಅದರ ನಡುವಿನ ಬಿಡುವು ಕಿರಿದಾಗುತ್ತ, ಬಿಗಿತ ದೀರ್ಘವೂ ತೀವ್ರವೂ ಆಗುತ್ತ ಹೋಗುವುದು. ಎಷ್ಟೋ ಸಲ ಅದು ಸೊಂಟದ ಹಿಂಭಾಗದಲ್ಲಿ ಹುಟ್ಟಿ ಮುಂದಕ್ಕೆ ಸುತ್ತಿಕೊಂಡು ಬರುವುದು.

ಇನ್ನೆಷ್ಟು ಹೊತ್ತು ಎಂಬ ಪ್ರಶ್ನೆಯನ್ನು ಅಂಕಿಗಳಲ್ಲಿ ಹಿಡಿದವರಲ್ಲಿ ಅಮೆರಿಕದ ಇಮ್ಯಾನುಯೆಲ್ ಫ್ರೀಡ್‌ಮನ್ ಪ್ರಮುಖನು. ಗರ್ಭಕೋಶದ ಕೊರಳು ಗಂಟೆಗಂಟೆಗೂ ಎಷ್ಟು ತೆರೆಯಿತೆಂಬುದನ್ನು ಆತನು ರೇಖಾಚಿತ್ರದಲ್ಲಿ ಗುರುತಿಸಿದನು. ಮೊದಲ ಲೇಖನ 1954ರಲ್ಲಿ ಹೊರಬಂದಿತು. ಚೊಚ್ಚಲ ಹೆರಿಗೆಯನ್ನು ಕುರಿತದ್ದು 1955ರಲ್ಲಿಯೂ, ಮುಂಚೆ ಹೆತ್ತವರನ್ನು ಕುರಿತದ್ದು 1956ರಲ್ಲಿಯೂ ಪ್ರಕಟವಾದುವು. ಎರಡನ್ನೂ ಪ್ರತ್ಯೇಕವಾಗಿ ಅಳೆಯಬೇಕಾಗಿ ಬಂದುದೇ ಅರ್ಥಪೂರ್ಣವಾದುದು. ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ನೀಡಿದ ಮಾರ್ಗದರ್ಶನವೂ ಈ ಭೇದವನ್ನು ಕಾಯ್ದುಕೊಂಡಿದೆ. ಕೊರಳು 5 ಸೆಂಟಿಮೀಟರು ತೆರೆದಲ್ಲಿಂದ ಪೂರ್ಣವಾಗಿ ತೆರೆಯುವವರೆಗೆ ಚೊಚ್ಚಲ ಹೆರಿಗೆಯಲ್ಲಿ ಸಾಮಾನ್ಯವಾಗಿ 12 ಗಂಟೆಗಳನ್ನೂ ಮುಂದಿನ ಹೆರಿಗೆಗಳಲ್ಲಿ 10 ಗಂಟೆಗಳನ್ನೂ ಮೀರದು. ಆಮೇಲೆ ಮಗು ಹುಟ್ಟಲು ಕ್ರಮವಾಗಿ 3 ಮತ್ತು 2 ಗಂಟೆಗಳ ಮಿತಿಯನ್ನು ಹೇಳಿದೆ. ಇವು ಮಿತಿಗಳೇ ಹೊರತು ವಾಗ್ದಾನಗಳಲ್ಲ. ಎರಡನೆಯ ಹೆರಿಗೆ ಇದಕ್ಕಿಂತ ಬಹು ಬೇಗ ಮುಗಿಯುವುದೂ ಅಪರೂಪವಲ್ಲ.

ಇದಕ್ಕೆ ಕಾರಣ ಸರಳವಾದುದು. ಚೊಚ್ಚಲಿನಲ್ಲಿ ಗರ್ಭಕೋಶದ ಕೊರಳು ಸಾಧಾರಣವಾಗಿ ಮೊದಲು ತೆಳುವಾಗಿ, ಬಳಿಕ ತೆರೆಯುವುದು. ಎರಡನೆಯ ಸಲ ಈ ಎರಡು ಕ್ರಿಯೆಗಳೂ ಏಕಕಾಲದಲ್ಲಿ ನಡೆಯಬಹುದು. ಮಗುವಿನ ದಾರಿಯಲ್ಲಿರುವ ಸ್ನಾಯುಗಳೂ ಒಮ್ಮೆ ಹಿಗ್ಗಿದವೇ ಆಗಿವೆ. ಅಲ್ಲದೆ ಚಿಹ್ನೆಗಳ ಅರ್ಥವೂ ವ್ಯತ್ಯಾಸವಾಗುತ್ತದೆ. ಹೊಟ್ಟೆ ಕೆಳಕ್ಕೆ ಜಾರುವುದು ಚೊಚ್ಚಲಿನಲ್ಲಿ ಅನೇಕ ವೇಳೆ ಕೆಲವು ವಾರಗಳ ಮುಂಚೆಯೇ ಕಾಣುವುದು. ಎರಡನೆಯ ಬಸಿರಿನಲ್ಲಿ ಬೇನೆ ತೊಡಗುವವರೆಗೂ ಮಗುವಿನ ತಲೆ ಇಳಿಯದಿರಬಹುದು. ಆದುದರಿಂದ ‘ಹೊಟ್ಟೆ ಇನ್ನೂ ಇಳಿದಿಲ್ಲ’ ಎಂದು ನಿಶ್ಚಿಂತೆಯಿಂದ ಇರಲಾಗದು. ಹುಸಿಬೇನೆ ಈ ಸಲ ಹೆಚ್ಚು ಮುಂಚೆಯೇ ಅನುಭವಕ್ಕೆ ಬರುವುದರಿಂದ, ಅದಕ್ಕೆ ಒಗ್ಗಿದ ತಾಯಿ ದಿಟದ ಬೇನೆಯನ್ನೂ ಹುಸಿಯೆಂದೇ ಬಗೆಯುವ ಅಪಾಯವಿದೆ. ರಕ್ತದ ಎಳೆ ಬೆರೆತ ಲೋಳೆ ಹೋಗುವುದು ಕೊರಳು ಬದಲಾಗುತ್ತಿರುವುದರ ಗುರುತು. ಆದರೆ ಅದು ಬೇನೆಗೆ ಕೆಲವು ಗಂಟೆಗಳ ಮುಂಚೆಯೂ ಕೆಲವು ದಿನಗಳ ಮುಂಚೆಯೂ ಕಾಣಬಹುದು.

ನಮ್ಮ ನಾಡಿನ ಒಂದು ಪದ್ಧತಿಯನ್ನು ಇಲ್ಲಿ ನೆನೆಯಬೇಕು. ಚೊಚ್ಚಲ ಹೆರಿಗೆ ತವರಿನಲ್ಲಿ ಆಗಬೇಕೆಂಬುದು ಅನೇಕ ಮನೆತನಗಳ ರೂಢಿ. ಎರಡನೆಯದು ಎಷ್ಟೋ ಸಲ ಗಂಡನ ಊರಿನಲ್ಲಿಯೇ ಆಗುವುದು. ಮೊದಲ ಸಲ ಪಕ್ಕದಲ್ಲಿದ್ದ ತಾಯಿಯ ಅನುಭವಿ ಕಣ್ಣು ಎರಡನೆಯ ಸಲ ಇರುವುದಿಲ್ಲ; ಅದರ ಸ್ಥಾನದಲ್ಲಿ ‘ನನಗೆ ಗೊತ್ತಿದೆ’ ಎಂಬ ಭಾವನೆ ಕುಳಿತಿರುತ್ತದೆ. ಪ್ರಕೃತ ಲೇಖಕಿಯ ಅನುಭವವೇ ಇದಕ್ಕೆ ನಿದರ್ಶನ. ಮೊದಲ ಮಗು ಹುಟ್ಟಲು ಒಂದು ಇರುಳೂ ಮರುದಿನದ ಬೆಳಗೂ ಹಿಡಿದಿದ್ದುವು. ಎರಡನೆಯ ಬಸಿರಿನ ಕೊನೆಯ ವಾರದ ಒಂದು ಸಂಜೆ ಸೊಂಟದಲ್ಲಿ ಮಂದವಾದ ನೋವು ಬಂದುಹೋಗುತ್ತಿದ್ದಾಗ, ಉತ್ತರಪತ್ರಿಕೆಗಳನ್ನು ತಿದ್ದುತ್ತ ಬಹಳ ಹೊತ್ತು ಕುಳಿತುದರ ಫಲವೆಂದು ಭಾವಿಸಿದ್ದಾಯಿತು. ನೆರೆಮನೆಯ ಹಿರಿಯರೊಬ್ಬರು ಬಂದು, “ಎಷ್ಟು ಹೊತ್ತಿಗೊಮ್ಮೆ ಬರ್ತಿದೆಯಮ್ಮ?” ಎಂದು ಕೇಳಿ ಗಡಿಯಾರವನ್ನು ನೋಡತೊಡಗಿದರು. ಬಿಡುವು ಏಳೇ ನಿಮಿಷ. ಅವರ ಒತ್ತಾಯದಿಂದ ಒಡನೆ ಹೊರಟೆವು. ಆಸ್ಪತ್ರೆ ಸೇರಿದ ಒಂದು ಗಂಟೆಯೊಳಗೆ ಮಗು ಹುಟ್ಟಿತು. ಅವರು ಬಾರದೆ ಇದ್ದಿದ್ದರೆ ಅದು ದಾರಿಯಲ್ಲಿಯೇ ಹುಟ್ಟುತ್ತಿತ್ತು.

ಈ ಪರಿಶೀಲನೆಯಿಂದ ಹೊರಡುವ ವಿವೇಕ ಇಷ್ಟು. ಒಂದು ಬೇನೆ ಆರಂಭವಾದ ಹೊತ್ತನ್ನೂ ಮುಂದಿನದು ಆರಂಭವಾದ ಹೊತ್ತನ್ನೂ ಗುರುತುಹಾಕಿಕೊಳ್ಳಬೇಕು. ಚೊಚ್ಚಲಿನವರಿಗೆ ಐದು ನಿಮಿಷಕ್ಕೊಮ್ಮೆ ಬೇನೆ ಬರುವವರೆಗೆ ಮನೆಯಲ್ಲಿರುವಂತೆ ಹೇಳುವುದುಂಟು. ಎರಡನೆಯ ಸಲ ಅದಕ್ಕೆ ಕಾಯದೆ, ಬೇನೆ ಕ್ರಮವಾಗಿ ಬರತೊಡಗಿದಾಗಲೇ ಹೊರಡುವುದು ಕ್ಷೇಮಕರ. ಆಸ್ಪತ್ರೆ ದೂರವಿದ್ದರೆ ಇನ್ನೂ ಮುಂಚೆ ಹೊರಡಬೇಕು. ಕರ್ನಾಟಕದಲ್ಲಿ 2008ರಿಂದ ಇರುವ 108 ಆಂಬ್ಯುಲೆನ್ಸ್ ಇಂತಹ ಸಮಯಕ್ಕೆ ಒದಗುವುದು. ನೀರು ಹೋದರೆ, ಮುಟ್ಟಿನಂತೆ ರಕ್ತ ಹರಿದರೆ, ಮಗುವಿನ ಚಲನೆ ಕಡಮೆಯಾದರೆ, ತೀವ್ರ ತಲೆನೋವು ಅಥವಾ ಕಣ್ಣು ಮಂಜಾಗುವುದು ತೋರಿದರೆ, 37 ವಾರ ತುಂಬುವ ಮೊದಲೇ ಬೇನೆ ಬಂದರೆ, ಅಥವಾ ಹಿಂದಿನ ಹೆರಿಗೆ ಶಸ್ತ್ರಕ್ರಿಯೆಯಿಂದ ಆಗಿದ್ದು ಈಗ ಬೇನೆ ತೊಡಗಿದರೆ, ಎಣಿಕೆಗೆ ಕೂರದೆ ಕೂಡಲೇ ವೈದ್ಯರನ್ನು ಕಾಣತಕ್ಕದ್ದು.

ಹಿಂದೆ ನಡೆದುದು ಮುಂದೆ ಅದೇ ರೀತಿಯಲ್ಲಿ ಮರಳುವುದೆಂದು ನಂಬಬಾರದೆಂದು ಚರಿತ್ರೆಯ ಅಧ್ಯಾಪಕರು ತರಗತಿಯಲ್ಲಿ ಪದೇ ಪದೇ ಹೇಳುವುದುಂಟು. ಎರಡನೆಯ ಹೆರಿಗೆಯ ವಿಷಯದಲ್ಲಿಯೂ ಆ ಮಾತು ಸಲ್ಲುತ್ತದೆ. ಮೊದಲನೆಯ ಹೆರಿಗೆ ಬೇನೆಯ ಪರಿಚಯವನ್ನು ಮಾಡಿಕೊಡುತ್ತದೆ. ಅದರ ಅವಧಿಯನ್ನು ಎರಡನೆಯದಕ್ಕೆ ಅಳತೆಗೋಲಾಗಿ ಹಿಡಿಯಲಾಗದು.