ಎಣಿಕೆ ಯಾರದು? ಸಾಮೂಹಿಕ ವ್ಯಾಯಾಮದಲ್ಲಿ ವ್ಯಕ್ತಿಯ ಸ್ಥಾನ

ಹಲವರು ಒಂದೆಡೆ ನೆರೆದು ಮೈಯನ್ನು ಪಳಗಿಸುವ ಪದ್ಧತಿ ಬಹು ಪುರಾತನವಾದುದು. ಗ್ರೀಕರ ವ್ಯಾಯಾಮಶಾಲೆ, ಇರಾನಿನ ಜೂರ್‌ಖಾನೆ, ನಮ್ಮ ಗರಡಿಮನೆ ಇವೆಲ್ಲವೂ ಅದರ ರೂಪಗಳೇ. ಒಂಟಿಯಾಗಿ ಮಾಡಹೊರಟರೆ ವಾರದೊಳಗೆ ಬೇಸರ ಹುಟ್ಟಿಸುವ ಸಾಧನೆ ಹತ್ತು ಮಂದಿಯ ನಡುವೆ ವರ್ಷಗಟ್ಟಲೆ ನಡೆದುಕೊಂಡು ಹೋಗುತ್ತದೆಂಬುದು ಎಲ್ಲರೂ ಬಲ್ಲ ಮಾತು. ಆದರೆ ಹಾಗೆ ನೆರೆದವರ ಮೈಗಳು ಒಂದೇ ಅಚ್ಚಿನವಲ್ಲ. ವಯಸ್ಸು, ಎತ್ತರ, ಹಿಂದೆ ಬಂದುಹೋದ ರೋಗ, ಮಾಡುವ ಕಸುಬು ಇವೆಲ್ಲ ಅಂಗಾಂಗಗಳಲ್ಲಿ ಬರೆದಿಟ್ಟಂತೆ ಇರುತ್ತವೆ. ಈ ವೈವಿಧ್ಯಕ್ಕೆ ಗುಂಪು ಎಡೆಗೊಡುತ್ತದೆಯೆ, ಅಥವಾ ಅದನ್ನು ಒರಸಿಹಾಕುತ್ತದೆಯೆ? ಇದು ಶಿಕ್ಷಕನ ಒಳ್ಳೆಯತನಕ್ಕೆ ಬಿಟ್ಟ ವಿಷಯವೆಂದು ಬಗೆಯುವುದು ರೂಢಿ. ಇತಿಹಾಸವನ್ನು ಪರಿಶೀಲಿಸಿದರೆ ಶಿಕ್ಷಕನ ಸ್ವಭಾವಕ್ಕಿಂತ ಹೆಚ್ಚು ನಿರ್ಣಾಯಕವಾದ ಒಂದು ಸಾಧಾರಣ ಏರ್ಪಾಡು ನಮಗೆ ಕಾಣುತ್ತದೆ. ಎಣಿಕೆ ಯಾರ ವಶದಲ್ಲಿದೆ ಎಂಬುದೇ ಅದು. ಮುಂದಿನ ಚಲನೆಗೆ ಹೊತ್ತಾಯಿತೆಂದು ನಿರ್ಧರಿಸುವವನು ಎದುರಿಗೆ ನಿಂತವನೋ, ಮಾಡುತ್ತಿರುವವನೋ?

ಆಧುನಿಕ ಯೂರೋಪಿನ ಸಾಮೂಹಿಕ ವ್ಯಾಯಾಮದ ಚರಿತ್ರೆಯನ್ನು 1811ರಿಂದ ಪ್ರಾರಂಭಿಸುವುದು ವಾಡಿಕೆ. ಆ ವರ್ಷ ಫ್ರೀಡ್‌ರಿಷ್ ಲುಡ್ವಿಗ್ ಯಾನ್ ಎಂಬ ಉಪಾಧ್ಯಾಯನು ಬರ್ಲಿನ್ ನಗರದ ಹೊರಗೆ ಹಾಸೆನ್‌ಹೈಡೆ ಎಂಬಲ್ಲಿ ಬಯಲು ವ್ಯಾಯಾಮಭೂಮಿಯನ್ನು ತೆರೆದನು. ನೆಪೋಲಿಯನ್ನನಿಗೆ ಸೋತಿದ್ದ ಪ್ರಷ್ಯದ ಯುವಕರನ್ನು ಯುದ್ಧಕ್ಕೆ ಅಣಿಗೊಳಿಸುವುದು ಅವನ ಉದ್ದೇಶ. ಎಲ್ಲರಿಗೂ ಒಂದೇ ಬಗೆಯ ಬೂದುಬಣ್ಣದ ಒರಟು ಉಡುಪು. ಶ್ರೀಮಂತರ ಮಗನಾದರೂ ಬಡವನ ಮಗನಾದರೂ ಒಬ್ಬರನ್ನೊಬ್ಬರು ಏಕವಚನದಲ್ಲಿಯೇ ಕರೆಯಬೇಕೆಂಬ ಕಟ್ಟಳೆ. ಇಷ್ಟನ್ನು ಕೇಳಿದವರು ಅಲ್ಲಿ ವ್ಯಕ್ತಿಗೆ ಎಡೆಯೇ ಇರಲಿಲ್ಲವೆಂದು ಊಹಿಸಿಯಾರು. ಆದರೆ ಯಾನನೂ ಅವನ ಸಹಚರನಾದ ಐಸೆಲೆನ್ನನೂ 1816ರಲ್ಲಿ ಪ್ರಕಟಿಸಿದ ಗ್ರಂಥದಿಂದ ಅಲ್ಲಿಯ ಅಭ್ಯಾಸ ಎರಡು ಭಾಗವಾಗಿತ್ತೆಂದು ತಿಳಿದುಬರುತ್ತದೆ. ಒಂದು ಭಾಗದಲ್ಲಿ ಪ್ರತಿಯೊಬ್ಬನೂ ತನಗೆ ಬೇಕಾದ ಸಾಧನೆಯನ್ನು ತಾನೇ ಆರಿಸಿಕೊಂಡು ತನ್ನ ಇಚ್ಛೆಯಂತೆ ನಡೆಸುತ್ತಿದ್ದನು. ಇನ್ನೊಂದರಲ್ಲಿ ತಂಡತಂಡವಾಗಿ ಮುಂದಾಳುಗಳ ಕೈಕೆಳಗೆ ಕಲಿಯುತ್ತಿದ್ದರು. ಯಾನನನ್ನು ಆದರ್ಶಪುರುಷನೆಂದು ನಾವು ಹೇಳುತ್ತಿಲ್ಲ. ಅವನ ದೇಶಾಭಿಮಾನದಲ್ಲಿ ಪರದ್ವೇಷ ಧಾರಾಳವಾಗಿ ಬೆರೆತಿತ್ತು. ಅವನ ಪರಂಪರೆಗೆ ಸೇರಿದ ವಿಯೆನ್ನಾದ ಸಂಘವೊಂದು 1887ರಲ್ಲಿ ಯಹೂದಿ ಸದಸ್ಯರನ್ನು ಹೊರಗೆ ಹಾಕಿತು. 1898ರಲ್ಲಿ ಬರ್ಲಿನ್ನಿನ ಯಹೂದಿಗಳು ಬಾರ್ ಕೋಖ್ಬಾ ಎಂಬ ತಮ್ಮದೇ ವ್ಯಾಯಾಮ ಸಂಘವನ್ನು ಸ್ಥಾಪಿಸಿಕೊಂಡರು. ಒಳಗೆ ಸ್ವಾತಂತ್ರ್ಯವಿದ್ದರೂ ಬಾಗಿಲು ಯಾರಿಗೆ ತೆರೆದಿದೆ ಎಂಬ ಪ್ರಶ್ನೆ ಬೇರೆಯಾಗಿಯೇ ಉಳಿಯುತ್ತದೆ.

ಪ್ರಷ್ಯ ಸರಕಾರ 1820ರಲ್ಲಿ ಈ ಬಯಲು ವ್ಯಾಯಾಮವನ್ನು ನಿಷೇಧಿಸಿ 1842ರಲ್ಲಿ ಮರಳಿ ಅನುಮತಿಯನ್ನಿತ್ತಿತು. ಅದು ಶಾಲೆಗಳೊಳಕ್ಕೆ ಬಂದಾಗ ಅಡಾಲ್ಫ್ ಸ್ಪೀಸ್ ಎಂಬಾತನು ಅದಕ್ಕೆ ಬೇರೊಂದು ರೂಪವನ್ನು ಕೊಟ್ಟನು. ಸಾಲು, ಆಜ್ಞೆ, ಎಲ್ಲರಿಗೂ ಒಂದೇ ಕ್ಷಣದಲ್ಲಿ ಒಂದೇ ಚಲನೆ: ನಾವು ಕವಾಯತು ಎಂದು ಕರೆಯುವುದು ಇದನ್ನೇ. ಒಬ್ಬ ಉಪಾಧ್ಯಾಯ, ತರಗತಿ ತುಂಬ ಮಕ್ಕಳು, ಗಂಟೆ ಹೊಡೆದೊಡನೆ ಮುಗಿಯುವ ಪಾಠ; ಇಂಥಲ್ಲಿ ಬೇರೆ ದಾರಿಯೂ ಕಡಿಮೆ. ಹುಡುಗಿಯರಿಗೂ ವ್ಯಾಯಾಮ ಬೇಕೆಂದು ಪಟ್ಟುಹಿಡಿದವನೂ ಇದೇ ಸ್ಪೀಸ್ ಎಂಬುದನ್ನು ಮರೆಯಲಾಗದು. ಆದುದರಿಂದ ಕವಾಯತನ್ನು ಬರಿಯ ದಬ್ಬಾಳಿಕೆಯೆಂದು ತಳ್ಳಿಹಾಕುವುದು ನ್ಯಾಯವಾಗದು. ಸ್ಟಾಕ್‌ಹೋಮಿನಲ್ಲಿ 1813ರಲ್ಲಿ ಪೆರ್ ಹೆನ್ರಿಕ್ ಲಿಂಗ್ ಸ್ಥಾಪಿಸಿದ ಸಂಸ್ಥೆಯಲ್ಲಿ ಆಜ್ಞೆಗೆ ನಡೆಯುವ ಶಿಕ್ಷಣ ವ್ಯಾಯಾಮವೂ ರೋಗಿಯೊಬ್ಬನನ್ನೇ ಎದುರಿಗಿಟ್ಟುಕೊಂಡು ಮಾಡಿಸುವ ಚಿಕಿತ್ಸಾ ವ್ಯಾಯಾಮವೂ ಒಂದೇ ಸೂರಿನಡಿ ಬೆಳೆದುವು. ಮೈ ಕೆಟ್ಟ ಮೇಲೆ ಮಾತ್ರ ಮನುಷ್ಯನು ಪ್ರತ್ಯೇಕ ವ್ಯಕ್ತಿಯಾಗುತ್ತಾನೆಂಬ ಈ ವಿಂಗಡಣೆ ನಮಗೆ ವಿಚಿತ್ರವೆನಿಸುತ್ತದೆ.

ಗರಡಿಯ ಕ್ರಮ ಬೇರೆ. ಬಸ್ಕಿ ಹೊಡೆಯುವವನು ತನ್ನ ಲೆಕ್ಕವನ್ನು ತಾನೇ ಇಟ್ಟುಕೊಳ್ಳುತ್ತಾನೆ. ಪಕ್ಕದವನು ದಂಡ ಹೊಡೆಯುತ್ತಿರಬಹುದು. ಮೂಲೆಯಲ್ಲಿ ಮತ್ತೊಬ್ಬನು ಗದೆ ತಿರುಗಿಸುತ್ತಿರಬಹುದು. ಉಸ್ತಾದರು ನೋಡುತ್ತಾರೆ, ತಿದ್ದುತ್ತಾರೆ, ಬೇಕಾದಾಗ ಗದರಿಸುತ್ತಾರೆ. ಎಲ್ಲರ ಸಾಮಿಗೂ ತಾವೇ ಎಣಿಸುತ್ತ ನಿಲ್ಲುವುದಿಲ್ಲ. ಮೈಸೂರಿನ ದಸರಾ ಕುಸ್ತಿಗೆ ಮುನ್ನ ಪೈಲ್ವಾನರ ಜೋಡಿ ಕಟ್ಟುವ ಪದ್ಧತಿಯನ್ನು ಗಮನಿಸಿದರೆ, ಸಮಾನರನ್ನು ಹುಡುಕುವುದಕ್ಕೂ ಮೊದಲು ಮೈಮೈಗಿರುವ ಭೇದವನ್ನು ಒಪ್ಪಿಕೊಳ್ಳಬೇಕಾಗುತ್ತದೆಂಬುದು ಗೊತ್ತಾಗುತ್ತದೆ. ಆದರೆ ಈ ಗರಡಿಯ ಹೊಸ್ತಿಲು ಹೆಂಗಸರ ಪಾಲಿಗೆ ಬಹುಕಾಲ ಮುಚ್ಚಿಯೇ ಇತ್ತು.

ಕವಾಯತು, ಗರಡಿ ಎಂಬ ಈ ಎರಡು ಕ್ರಮಗಳೂ ಸಂಧಿಸಿದ ಸ್ಥಳವೊಂದು ನಮ್ಮ ನಾಡಿನಲ್ಲಿಯೇ ಇದೆ. ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ 1933ರಲ್ಲಿ ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ತಿರುಮಲೈ ಕೃಷ್ಣಮಾಚಾರ್ಯರ ಯೋಗಶಾಲೆ ಆರಂಭವಾಯಿತು. ಕಲಿಯಬಂದವರಲ್ಲಿ ಹುಡುಗರೇ ಹೆಚ್ಚು. ಕನ್ನಡದಲ್ಲಿ ಆಚಾರ್ಯರು ರಚಿಸಿದ ‘ಯೋಗಮಕರಂದ’ 1934ರಲ್ಲಿಯೂ ‘ಯೋಗಾಸನಗಳು’ 1941ರಲ್ಲಿಯೂ ಹೊರಬಂದುವು. ಎರಡನೆಯದರಲ್ಲಿ ಆಸನಗಳನ್ನು ಮೂರು ದರ್ಜೆಗಳಾಗಿ ವಿಂಗಡಿಸಿ, ಒಂದೊಂದಕ್ಕೂ ಎಷ್ಟು ವಿನ್ಯಾಸಗಳೆಂದು ಕೋಷ್ಟಕದಲ್ಲಿ ಕೊಟ್ಟಿದೆ. ಉಸಿರಿಗೆ ಹೊಂದಿಸಿ ಎಣಿಸುವ ಈ ವಿಧಾನಕ್ಕೆ ಆ ಕಾಲದ ಕವಾಯತು, ಜಿಮ್ನಾಸ್ಟಿಕ್ಸುಗಳ ಪ್ರಭಾವವಿದೆಯೆಂದು 2010ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಮಾರ್ಕ್ ಸಿಂಗಲ್ಟನ್ನರು ವಾದಿಸಿದ್ದಾರೆ. ಆ ವಾದದಲ್ಲಿ ಹುರುಳಿದೆ. ಆದರೂ ಅದರಿಂದಲೇ ಎಲ್ಲವೂ ವಿವರಣೆಗೊಂಡಿತೆಂದು ನಾವು ಒಪ್ಪಲಾರೆವು. ಏಕೆಂದರೆ ಎಣಿಕೆ ಎಲ್ಲಿಂದ ಬಂತೆಂಬುದಕ್ಕಿಂತ ಅದು ಮುಂದೆ ಯಾರ ಕೈ ಸೇರಿತೆಂಬುದೇ ಇಲ್ಲಿ ಮುಖ್ಯ.

ಹಾಸನದ ಬಳಿಯ ಕೌಶಿಕದಲ್ಲಿ 1915ರಲ್ಲಿ ಹುಟ್ಟಿದ ಕೆ. ಪಟ್ಟಾಭಿ ಜೋಯಿಸರು ಕೃಷ್ಣಮಾಚಾರ್ಯರ ಶಿಷ್ಯರು. 1937ರಿಂದ ಮೈಸೂರಿನ ಮಹಾರಾಜಾ ಸಂಸ್ಕೃತ ಪಾಠಶಾಲೆಯಲ್ಲಿ ಯೋಗವನ್ನು ಬೋಧಿಸಿ, 1948ರಲ್ಲಿ ಲಕ್ಷ್ಮೀಪುರದಲ್ಲಿ ತಮ್ಮದೇ ಶಾಲೆಯನ್ನು ತೆರೆದರು. ಅಲ್ಲಿ ಸುಮಾರು ಹನ್ನೆರಡು ಮಂದಿಗೆ ಮಾತ್ರ ಸ್ಥಳ. ಆಸನಗಳ ಅನುಕ್ರಮ ಎಲ್ಲರಿಗೂ ಒಂದೇ: ಮೊದಲನೆಯ ಸೂರ್ಯನಮಸ್ಕಾರಕ್ಕೆ 9 ವಿನ್ಯಾಸ, ಎರಡನೆಯದಕ್ಕೆ 17. ಆದರೆ ಪ್ರತಿಯೊಬ್ಬರೂ ಅದನ್ನು ತಮ್ಮ ತಮ್ಮ ಉಸಿರಿನ ಅಳತೆಯಲ್ಲಿ ನಡೆಸುತ್ತಾರೆ. ಒಬ್ಬರು ಈಗತಾನೆ ಬಂದು ನಮಸ್ಕಾರವನ್ನು ಆರಂಭಿಸುತ್ತಿರುವಾಗ ಪಕ್ಕದವರು ಶವಾಸನಕ್ಕೆ ಬಂದಿರುತ್ತಾರೆ. ಒಂದು ಆಸನ ಕೈವಶವಾದ ಮೇಲೆಯೇ ಗುರು ಮುಂದಿನದನ್ನು ಕೊಡುವುದು. ಆದಕಾರಣ ಇಪ್ಪತ್ತರ ಹುಡುಗನೂ ಅರವತ್ತರ ವೃದ್ಧೆಯೂ ಒಂದೇ ಕೊಠಡಿಯಲ್ಲಿ ಬೇರೆಬೇರೆ ಮೆಟ್ಟಿಲುಗಳ ಮೇಲಿರಲು ಅಡ್ಡಿಯಿಲ್ಲ. ಗುರುವೇ ಸಂಸ್ಕೃತದಲ್ಲಿ ಏಕಂ, ದ್ವೇ ಎಂದು ಎಣಿಸಿ ಎಲ್ಲರನ್ನೂ ಒಟ್ಟಿಗೆ ನಡೆಸುವ ದಿನಗಳೂ ಉಂಟು. ಅವು ವಾರದಲ್ಲಿ ಒಂದೋ ಎರಡೋ. ತಮ್ಮ ಎಣಿಕೆ ಎಲ್ಲಿ ಸಡಿಲವಾಗಿದೆಯೆಂದು ಶಿಷ್ಯರು ಅಂದು ಕಂಡುಕೊಳ್ಳುತ್ತಾರೆ. ಜಗತ್ತಿನ ಅನೇಕ ನಗರಗಳಲ್ಲಿ ಈ ಪ್ರತ್ಯೇಕಾಭ್ಯಾಸದ ಕ್ರಮಕ್ಕೆ ‘ಮೈಸೂರು ಪದ್ಧತಿ’ ಎಂಬ ಹೆಸರೇ ನಿಂತಿದೆ. ಮೈಸೂರಿನವರಿಗೇ ಇದು ಅಷ್ಟಾಗಿ ತಿಳಿಯದಿರುವುದು ಆಶ್ಚರ್ಯ.

ಬಾಗಿಲಿನ ಪ್ರಶ್ನೆ ಇಲ್ಲಿಯೂ ಎದ್ದಿತು. ರೀಗಾ ನಗರದಲ್ಲಿ 1899ರಲ್ಲಿ ಹುಟ್ಟಿ ಮುಂದೆ ಇಂದ್ರಾದೇವಿಯೆಂದು ಪ್ರಸಿದ್ಧರಾದ ಮಹಿಳೆ ಶಿಷ್ಯತ್ವವನ್ನು ಬೇಡಿದಾಗ ಕೃಷ್ಣಮಾಚಾರ್ಯರು ಮೊದಲು ನಿರಾಕರಿಸಿದರು. ಮಹಾರಾಜರ ಮಾತಿನ ಮೇಲೆ ಒಪ್ಪಿದರು. ಬೆಳ್ಳೂರಿನ ಬಿ. ಕೆ. ಎಸ್. ಅಯ್ಯಂಗಾರರದು ಇನ್ನೊಂದು ಬಗೆಯ ಪ್ರಸಂಗ. ಬಾಲ್ಯದಲ್ಲಿ ಕ್ಷಯವೇ ಮೊದಲಾದ ರೋಗಗಳಿಂದ ಸೊರಗಿದ್ದ ಅವರ ಮೈ ಗುರುವಿನ ಶಾಲೆಯ ಇತರ ಹುಡುಗರ ವೇಗಕ್ಕೆ ಹೇಳಿಸಿದುದಲ್ಲ. 1937ರಲ್ಲಿ ಪುಣೆಗೆ ಹೋದ ಅವರು ಮುಂದೆ ಹಗ್ಗ, ಪಟ್ಟಿ, ಮರದ ದಿಮ್ಮಿ, ಕುರ್ಚಿಗಳನ್ನು ಆಸನಕ್ಕೆ ಊರೆಯಾಗಿ ಬಳಸುವ ಕ್ರಮವನ್ನು ಬೆಳೆಸಿದರು. ಅಲ್ಲಿ ಎಣಿಕೆ ಶಿಕ್ಷಕರದೇ, ಸೂಚನೆಯೂ ಎಲ್ಲರಿಗೂ ಒಂದೇ. ಬಗ್ಗಲಾರದವನ ಕೈಗೆ ನೆಲವೇ ಮೇಲೆದ್ದು ಬರುವಂತೆ ದಿಮ್ಮಿಯನ್ನು ಇಡುತ್ತಾರೆ, ಅಷ್ಟೆ. ಮದರಾಸಿನಲ್ಲಿ 1976ರಲ್ಲಿ ಆಚಾರ್ಯರ ಮಗ ದೇಶಿಕಾಚಾರರು ಸ್ಥಾಪಿಸಿದ ಮಂದಿರ ಇದರ ಇನ್ನೊಂದು ತುದಿಗೆ ಹೋಯಿತು: ಒಬ್ಬ ಗುರು, ಒಬ್ಬ ಶಿಷ್ಯ. ಭೇದಕ್ಕೆ ಪೂರ್ಣ ಮನ್ನಣೆ ದೊರೆಯಿತು; ಗುಂಪು ಹಿಂದೆ ಸರಿಯಿತು.

ಇತ್ತ ಕವಾಯತಿನ ಮಾರ್ಗವೂ ಯೋಗವನ್ನು ಬಿಡಲಿಲ್ಲ. 2015ರ ಜೂನ್ 21ರಂದು ದೆಹಲಿಯ ರಾಜಪಥದಲ್ಲಿ 35,985 ಮಂದಿ ಒಂದೇ ಧ್ವನಿಗೆ ಒಂದೇ ಆಸನಗಳನ್ನು ಮಾಡಿದರು. ನೋಟ ಭವ್ಯವಾದುದೇ. ಆದರೆ ಆ ಸಾಲುಗಳಲ್ಲಿ ಮಂಡಿನೋವಿನವನೊಬ್ಬನು ಏನು ಮಾಡಿದನೆಂಬುದು ಚಿತ್ರದಲ್ಲಿ ಕಾಣುವುದಿಲ್ಲ.

ಇಷ್ಟರಿಂದ ಎಣಿಕೆಯನ್ನು ವ್ಯಕ್ತಿಗೆ ಬಿಟ್ಟುಕೊಟ್ಟರೆ ಸಾಕೆಂದು ತೀರ್ಮಾನಿಸುವಂತಿಲ್ಲ. ಮೈಸೂರು ಪದ್ಧತಿಯಲ್ಲಿ ಮಾತಿಗಿಂತ ಹೆಚ್ಚಾಗಿ ಗುರುವಿನ ಕೈಯೇ ಪಾಠ ಹೇಳುತ್ತದೆ. ಶಿಷ್ಯನ ಬೆನ್ನನ್ನು ಒತ್ತಿ, ಕಾಲನ್ನು ಎಳೆದು ಆಸನವನ್ನು ತಿದ್ದುವುದು ಅಲ್ಲಿಯ ಕ್ರಮ. ಉಳಿದವರು ತಮ್ಮ ತಮ್ಮ ಉಸಿರಿನಲ್ಲಿ ಮಗ್ನರಾಗಿರುವಾಗ ಈ ಕೈಯನ್ನು ಕಾಯುವವರು ಯಾರು? ಜೋಯಿಸರು 2009ರಲ್ಲಿ ತೀರಿಕೊಂಡರು. ಅಭ್ಯಾಸದ ನಡುವೆ ಅವರು ತಮ್ಮನ್ನು ಅನುಚಿತವಾಗಿ ಮುಟ್ಟಿದರೆಂದು 2017ರಿಂದೀಚೆಗೆ ಅನೇಕ ಶಿಷ್ಯೆಯರು ಬಹಿರಂಗವಾಗಿ ಹೇಳಿದರು. ಅವರ ಮೊಮ್ಮಗ ಶರತ್ ಜೋಯಿಸರು 2019ರಲ್ಲಿ ಅಂಥ ಅನುಚಿತ ತಿದ್ದುವಿಕೆಯನ್ನು ತಾವೂ ಕಂಡುದಾಗಿ ತಿಳಿಸಿ, ನೊಂದವರಲ್ಲಿ ಕ್ಷಮೆ ಕೋರಿದರು. ಪರಂಪರೆಯ ಗೌರವಕ್ಕಾಗಿ ಈ ಸಂಗತಿಯನ್ನು ಮುಚ್ಚಿಡುವುದು ಚರಿತ್ರೆಯ ವಿದ್ಯಾರ್ಥಿಗೆ ಸಲ್ಲದು. ಸಾಲಿನಲ್ಲಿ ನಿಂತವನಿಗೆ ತನ್ನದೆಂಬ ಎಣಿಕೆ ಇಲ್ಲ, ಆದರೆ ಅವನ ಮೈಯನ್ನು ಮುಟ್ಟುವವರೂ ಇಲ್ಲ. ಇಲ್ಲಿ ಎಣಿಕೆ ಶಿಷ್ಯೆಯದಾಗಿತ್ತು. ಸ್ಪರ್ಶಕ್ಕೆ ಸಮ್ಮತಿ ಮಾತ್ರ ಅವಳದೆಂದು ಯಾರೂ ಕೇಳಿರಲಿಲ್ಲ.

ಈಚೆಗೆ ಹಲವು ಯೋಗಶಾಲೆಗಳಲ್ಲಿ ಒಂದು ಹೊಸ ರೂಢಿ ಬಂದಿದೆ. ಪ್ರತಿಯೊಬ್ಬರ ಚಾಪೆಯ ತುದಿಯಲ್ಲಿ ಒಂದು ಮರದ ಬಿಲ್ಲೆಯನ್ನೋ ರಟ್ಟಿನ ಚೀಟಿಯನ್ನೋ ಇಟ್ಟಿರುತ್ತಾರೆ. ಒಂದು ಮುಖ ಮೇಲಿದ್ದರೆ ಶಿಕ್ಷಕರು ಮುಟ್ಟಿ ತಿದ್ದಬಹುದು; ಇನ್ನೊಂದು ಮುಖ ಮೇಲಿದ್ದರೆ ಬಾಯಿಮಾತಿನಲ್ಲಿಯೇ ಹೇಳಬೇಕು. ಅಭ್ಯಾಸದ ನಡುವೆ ಯಾವಾಗ ಬೇಕಾದರೂ ಅದನ್ನು ಮಗುಚಬಹುದು, ಕಾರಣವನ್ನು ಹೇಳಬೇಕಾಗಿಲ್ಲ.