ಎಳೆತದ ಅಳತೆ: ಪೌಂಡು, ಕಿಲೋ ಮತ್ತು ನ್ಯೂಟನ್

ಹೊನ್ನಾಳಿ, ನ್ಯಾಮತಿ, ಚನ್ನಗಿರಿ ಭಾಗದ ರೈತರು ಇಂದು ಟ್ರಾಕ್ಟರ್, ರೆಕ್ಕೆ ನೇಗಿಲು, ಟ್ರೈಲರ್, ಅಡಿಕೆಗೆ ಔಷಧಿ ಸಿಂಪಡಿಸುವ ಯಂತ್ರ ಮುಂತಾದವುಗಳನ್ನು ಬಳಸುತ್ತಿದ್ದಾರೆ. ಇವುಗಳ ಪೈಕಿ ಒಂದರ ಕೈಪಿಡಿಯಲ್ಲಿ ಅಳತೆ ಕಿಲೋದಲ್ಲಿರುತ್ತದೆ, ಇನ್ನೊಂದರ ಮಾಪಕದಲ್ಲಿ ಪೌಂಡಿನಲ್ಲಿರುತ್ತದೆ, ಮತ್ತೊಂದರ ಮೇಲೆ ನ್ಯೂಟನ್ ಎಂದು ಬರೆದಿರುತ್ತದೆ. ನಮ್ಮ ದೇಶದಲ್ಲಿ 1956ರ ಕಾಯಿದೆಯ ಮೂಲಕ ಮೆಟ್ರಿಕ್ ಪದ್ಧತಿಯನ್ನು ಒಪ್ಪಿಕೊಂಡು, 1958ರ ಅಕ್ಟೋಬರಿನಿಂದ ಹಂತ ಹಂತವಾಗಿ ಜಾರಿಗೆ ತರಲಾಯಿತು. ಆದರೂ ಯಂತ್ರಗಳ ಲೋಕದಲ್ಲಿ ಬ್ರಿಟಿಷ್ ಅಳತೆ ಉಳಿದುಕೊಂಡಿದೆ. ಒಂದನ್ನು ಇನ್ನೊಂದೆಂದು ತಿಳಿದರೆ ಲೆಕ್ಕ ಎರಡು ಪಟ್ಟಿಗಿಂತ ಹೆಚ್ಚು ತಪ್ಪುತ್ತದೆ. ಆದುದರಿಂದ ಈ ಅಳತೆಗಳ ಪರಸ್ಪರ ಸಂಬಂಧವನ್ನು ತಿಳಿದಿರುವುದು ಅವಶ್ಯಕ.

ಬಲ ಎಂದರೇನು?

ವಸ್ತುವನ್ನು ಎಳೆಯಲು, ಎತ್ತಲು ಅಥವಾ ಒತ್ತಲು ಬೇಕಾದದ್ದು ಬಲ. ಒಂದು ಕಿಲೋ ತೂಕದ ಕಲ್ಲನ್ನು ಹಗ್ಗಕ್ಕೆ ಕಟ್ಟಿ ತೂಗುಬಿಟ್ಟರೆ, ಅದು ಹಗ್ಗವನ್ನು ಎಷ್ಟು ಜಗ್ಗುವುದೋ ಅದೇ ಒಂದು ಕಿಲೋ ಬಲ. ಹೀಗೆಯೇ ಒಂದು ಪೌಂಡು ತೂಕ ಜಗ್ಗುವುದು ಒಂದು ಪೌಂಡು ಬಲ. ವಿಜ್ಞಾನದಲ್ಲಿ ಇಂದು ಬಳಸುವ ಮಾನ ನ್ಯೂಟನ್. ಇವುಗಳ ಸಂಬಂಧ ಹೀಗಿದೆ:

1 ಕಿಲೋ ಬಲ = 2.205 ಪೌಂಡು = 9.81 ನ್ಯೂಟನ್
1 ಪೌಂಡು ಬಲ = 0.454 ಕಿಲೋ = 4.45 ನ್ಯೂಟನ್
1 ಕಿಲೋನ್ಯೂಟನ್ (1000 ನ್ಯೂಟನ್) = 102 ಕಿಲೋ = 225 ಪೌಂಡು

ಬಾಯಿಲೆಕ್ಕಕ್ಕೆ ಒಂದು ಸುಲಭ ಉಪಾಯವಿದೆ. ಕಿಲೋವನ್ನು ಪೌಂಡಿಗೆ ತರಲು ಅದನ್ನು ಎರಡರಷ್ಟು ಮಾಡಿ, ಬಂದದ್ದರ ಹತ್ತನೇ ಒಂದು ಭಾಗವನ್ನು ಕೂಡಿಸಿ. ಪೌಂಡನ್ನು ಕಿಲೋಗೆ ತರಲು ಅರ್ಧ ಮಾಡಿ, ಬಂದದ್ದರ ಹತ್ತನೇ ಒಂದು ಭಾಗವನ್ನು ಕಳೆಯಿರಿ. ಉದಾಹರಣೆಗೆ, ತಲಾ 350 ಕಿಲೋ ತೂಗುವ ಜೋಡಿ ಎತ್ತುಗಳು ತಮ್ಮ ಒಟ್ಟು ತೂಕದ ಸುಮಾರು ಹತ್ತನೇ ಒಂದು ಭಾಗದಷ್ಟು, ಅಂದರೆ 70 ಕಿಲೋ ಬಲದಿಂದ ದಣಿವಿಲ್ಲದೆ ಎಳೆಯಬಲ್ಲವು. ಇದು 140 ಕ್ಕೆ 14 ಕೂಡಿ 154 ಪೌಂಡು.

ನೇಗಿಲಿನ ಲೆಕ್ಕ

ನೇಗಿಲನ್ನು ಎಳೆಯಲು ಬೇಕಾಗುವ ಬಲ ಅದು ಸೀಳುವ ಮಣ್ಣಿನ ಅಗಲ, ಆಳ ಹಾಗೂ ಮಣ್ಣಿನ ಬಿಗುವನ್ನು ಅವಲಂಬಿಸಿದೆ. 12 ಅಂಗುಲ ಅಗಲದ ಎರಡು ಕುಳಗಳ ರೆಕ್ಕೆ ನೇಗಿಲು 6 ಅಂಗುಲ ಆಳ ಹೋದರೆ 144 ಚದರ ಅಂಗುಲ ಮಣ್ಣನ್ನು ಸೀಳುತ್ತದೆ. ಬಿಗಿಯಾದ ಎರೆ ಮಣ್ಣಿನಲ್ಲಿ ಚದರ ಅಂಗುಲಕ್ಕೆ 10 ಪೌಂಡಿನಂತೆ ಹಿಡಿದರೆ 1440 ಪೌಂಡು, ಎಂದರೆ 653 ಕಿಲೋ ಬಲ ಬೇಕು. ಹಗುರ ಮರಳುಗೋಡು ಮಣ್ಣಿಗೆ ಇದರ ಅರ್ಧಕ್ಕಿಂತ ಕಡಿಮೆ ಸಾಕು.

ಗಂಟೆಗೆ 4 ಕಿಲೋಮೀಟರಿನಂತೆ ಉಳುವಾಗ ಟ್ರಾಕ್ಟರ್ ಒಂದು ಸೆಕೆಂಡಿಗೆ 1.11 ಮೀಟರ್ ಸಾಗುತ್ತದೆ. 75 ಕಿಲೋ ಬಲದಿಂದ ಸೆಕೆಂಡಿಗೆ ಒಂದು ಮೀಟರ್ ಎಳೆಯುವುದೇ ಒಂದು ಅಶ್ವಶಕ್ತಿ. ಈ ಪ್ರಕಾರ 653 ಕಿಲೋ ಎಳೆತಕ್ಕೆ ಸುಮಾರು 9.7 ಅಶ್ವಶಕ್ತಿ ಬೇಕು. ಮೆದು ನೆಲದಲ್ಲಿ ಎಂಜಿನ್ನಿನ ಶಕ್ತಿಯಲ್ಲಿ ಸುಮಾರು ಅರ್ಧ ಮಾತ್ರ ಎಳೆತಕ್ಕೆ ದಕ್ಕುವುದರಿಂದ, 20 ಅಶ್ವಶಕ್ತಿಯ ಎಂಜಿನ್ ಈ ಕೆಲಸಕ್ಕೆ ಕನಿಷ್ಠ ಅಗತ್ಯ. ಮೇಲೆ ಸ್ವಲ್ಪ ಮೀಸಲು ಇಟ್ಟುಕೊಳ್ಳುವುದು ಒಳ್ಳೆಯದು.

ಈಗ 1440 ಪೌಂಡನ್ನು 1440 ಕಿಲೋ ಎಂದು ಓದಿದರೆ ಏನಾಗುತ್ತದೆ? ಅದೇ ನೇಗಿಲಿಗೆ 43 ಅಶ್ವಶಕ್ತಿಯ ಎಂಜಿನ್ ಬೇಕೆಂದು ಲೆಕ್ಕ ಬರುತ್ತದೆ. ರೈತನು ಬೇಡದ ದೊಡ್ಡ ಟ್ರಾಕ್ಟರಿಗಾಗಿ ಸಾಲ ಮಾಡಿ ವರ್ಷಗಟ್ಟಲೆ ಕಂತು ಕಟ್ಟಬೇಕಾದೀತು. ತಪ್ಪು ತಿರುವುಮುರುವಾದರೆ ಟ್ರಾಕ್ಟರ್ ಎರೆ ಹೊಲದಲ್ಲಿ ನೇಗಿಲನ್ನು ಎಳೆಯಲಾರದೆ ನಿಂತೀತು.

ಒತ್ತಡಕ್ಕೆ ಬೇರೆ ಲೆಕ್ಕ

ಟೈರಿನ ಗಾಳಿ ಮತ್ತು ಸಿಂಪರಣಾ ಯಂತ್ರದ ಒತ್ತಡಕ್ಕೆ ಮೇಲಿನ 2.2 ರ ಲೆಕ್ಕ ಸಲ್ಲದು. ಒತ್ತಡವೆಂದರೆ ನಿರ್ದಿಷ್ಟ ಜಾಗದ ಮೇಲೆ ಬೀಳುವ ಬಲ. ಇಲ್ಲಿ ಕಿಲೋ ಪೌಂಡಾಗುವುದರ ಜೊತೆಗೆ ಚದರ ಸೆಂಟಿಮೀಟರು ಚದರ ಅಂಗುಲವೂ ಆಗಬೇಕು. ಒಂದು ಚದರ ಅಂಗುಲಕ್ಕೆ 6.45 ಚದರ ಸೆಂಟಿಮೀಟರ್. 2.205 ನ್ನು 6.45 ರಿಂದ ಗುಣಿಸಿದರೆ 14.2 ಬರುತ್ತದೆ. ಆದುದರಿಂದ ಚದರ ಸೆಂಟಿಮೀಟರಿಗೆ 1 ಕಿಲೋ ಎಂದರೆ ಚದರ ಅಂಗುಲಕ್ಕೆ 14.2 ಪೌಂಡು. ಒಂದು ಬಾರ್ ಎಂದರೆ 14.5 ಪೌಂಡು.

ಕೈಪಿಡಿಯಲ್ಲಿ ಮುಂದಿನ ಟೈರಿಗೆ 2 ಕಿಲೋ ಎಂದಿದ್ದರೆ, ಗಾಳಿ ತುಂಬುವವನಿಗೆ 28 ಪೌಂಡು ಎಂದು ಹೇಳಬೇಕು. ಅಡಿಕೆ ತೋಟದಲ್ಲಿ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಸಿಂಪಡಿಸುವಾಗ ಈ ಲೆಕ್ಕ ಇನ್ನೂ ಮುಖ್ಯ. 300 ಪೌಂಡು ಒತ್ತಡ ಎಂದರೆ ಸುಮಾರು 21 ಕಿಲೋ. ಮಾಪಕದಲ್ಲಿ ಸಾಮಾನ್ಯವಾಗಿ ಎರಡು ಸುತ್ತು ಅಂಕಿಗಳಿದ್ದು, ಒಂದು ಪೌಂಡಿನದು, ಇನ್ನೊಂದು ಕಿಲೋ ಅಥವಾ ಬಾರಿನದು. ತಪ್ಪು ಸುತ್ತನ್ನು ಓದಿ ಒತ್ತಡ ಏರಿಸಿದರೆ ಪೈಪು ಒಡೆದು, ಹಿಡಿದವನ ಮುಖಕ್ಕೆ ಔಷಧಿ ಎರಚುವ ಅಪಾಯವಿದೆ.

ಸರಪಳಿಯ ಮೇಲಿನ ಟನ್

ಕೆಸರುಗದ್ದೆಯಲ್ಲಿ ಹೂತ ಟ್ರಾಕ್ಟರನ್ನು ಎಳೆಯುವ ಸರಪಳಿ ಕೊಳ್ಳುವಾಗ ಟನ್ ಯಾವುದೆಂದು ವಿಚಾರಿಸಿ. ಮೆಟ್ರಿಕ್ ಟನ್ 1000 ಕಿಲೋ, ಬ್ರಿಟಿಷ್ ಟನ್ 1016 ಕಿಲೋ, ಅಮೆರಿಕದ ಟನ್ 907 ಕಿಲೋ. ಜೊತೆಗೆ, ಒಮ್ಮೆಲೇ ಜಗ್ಗಿ ಎಳೆದಾಗ ಸರಪಳಿಯ ಮೇಲಿನ ಬಲ ಹಲವು ಪಟ್ಟು ಏರುತ್ತದೆ. ನಿಧಾನವಾಗಿ ಬಿಗಿದು ಎಳೆಯಬೇಕು. ಹತ್ತಿರ ಯಾರೂ ನಿಲ್ಲಬಾರದು.

ನೆನಪಿಡಬೇಕಾದ ಅಂಶಗಳು

1. ಅಂಕಿಯನ್ನು ಓದುವ ಮೊದಲು ಅದರ ಮಾನವನ್ನು ಓದಿ.
2. ಎರಡು ಯಂತ್ರಗಳನ್ನು ಹೋಲಿಸುವ ಮುನ್ನ ಎರಡರ ಅಳತೆಯನ್ನೂ ಕಿಲೋಗೆ ತನ್ನಿ.
3. ಎಳೆತಕ್ಕೆ 2.2, ಒತ್ತಡಕ್ಕೆ 14.2 ಎಂಬುದನ್ನು ನೆನಪಿನಲ್ಲಿಡಿ.
4. ನ್ಯೂಟನ್ನಿನಲ್ಲಿರುವ ಅಂಕಿಯನ್ನು ಹತ್ತರಿಂದ ಭಾಗಿಸಿದರೆ ಸುಮಾರಾಗಿ ಕಿಲೋ ಬರುತ್ತದೆ.
5. ಈ ಅಂಕಿಗಳನ್ನು ಟ್ರಾಕ್ಟರ್ ಚಾಲಕನಿಗೂ, ಔಷಧಿ ಸಿಂಪಡಿಸುವವರಿಗೂ ತಿಳಿಸಿ, ಯಂತ್ರವಿಡುವ ಜಾಗದ ಗೋಡೆಯ ಮೇಲೆ ಬರೆದಿಡಿ.